ಬಾಡದ ಹೂವಿನ ಕಳ್ಳಿ

ಕಳ್ಳಿ ಅಂಗಡಿಯ ಅತ್ತೆ ತನ್ನ ಸೊಸೆಯನ್ನು ಗಲ್ಲಾದ ಮುಂದಿನಿಂದ ಎಬ್ಬಿಸಿ ಹಿತ್ತಲಿಗೆ ಅಟ್ಟಿದಳೆಂದು ಬೀದಿಯೆಲ್ಲ ಆಡಿಕೊಂಡಿತು. ಅತ್ತೆ-ಸೊಸೆ ಎಂದರೆ ಸಾಕು, ಜನರ ಬಾಯಿಗೆ ಕಥೆ ತಾನಾಗಿ ಬಂದು ಕೂರುತ್ತದೆ. ನಿಜಕ್ಕೂ ಯಾರೂ ಅಟ್ಟಿರಲಿಲ್ಲ. ಸೊಸೆಯೇ ಎದ್ದು ಹೋಗಿದ್ದಳು.

ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಕಳ್ಳಿಯೆಂದರೆ ಚುಚ್ಚುವ ವಸ್ತು, ಅಷ್ಟೇ. ಅತ್ತೆ ಒಂದೊಂದೇ ಕುಂಡವನ್ನು ಮುಂದಿಟ್ಟು ಹೆಸರು ಬಿಡಿಸಿ ಹೇಳಿದ್ದಳು. ಮೈತುಂಬ ಮೊಲೆತೊಟ್ಟಿನಂಥ ಗುಬುಟುಗಳಿರುವುದರಿಂದ ಅದು ಮ್ಯಾಮಿಲೇರಿಯಾ. ಮೇಲಿನಿಂದ ನೋಡಿದರೆ ನಕ್ಷತ್ರದಂತೆ ಏಣು ಚಾಚಿದ ಇದು ಆಸ್ಟ್ರೋಫೈಟಮ್, ತಾರೆಗಿಡ. ಮೊಗ್ಗಿಗೆ ಕೂದಲೂ ಮುಳ್ಳೂ ಇಲ್ಲದ್ದು ಜಿಮ್ನೋಕ್ಯಾಲಿಸಿಯಮ್, ಎಂದರೆ ಬರಿಮೈ ಮೊಗ್ಗಿನದು.

ಹೂವಿಲ್ಲದ ಕಳ್ಳಿಯನ್ನು ಕೊಳ್ಳುವವರು ಕಡಿಮೆ. ಅತ್ತೆ ಮಂಡಿನೋವಿನಿಂದ ಮನೆಯೊಳಗೇ ಉಳಿದಿದ್ದ ಕಾಲದಲ್ಲಿ, ಸಗಟು ಮಾರುಕಟ್ಟೆಯವರು ಮಾಡುವುದನ್ನೇ ಸೊಸೆಯೂ ಮಾಡಿದಳು: ಒಣಗಿಸಿ ಬಣ್ಣ ಹಾಕಿದ ಹೂವನ್ನು ಬಿಸಿ ಅಂಟಿನಿಂದ ಗಿಡದ ನೆತ್ತಿಗೆ ಕೂರಿಸಿದಳು. ಕುಂಡಗಳು ನಿಂತ ನಿಲುವಿನಲ್ಲೇ ಖರ್ಚಾದವು.

ಅತ್ತೆ ಮತ್ತೆ ಅಂಗಡಿಗೆ ಬಂದು ಕೂತ ದಿನ, ಪಕ್ಕದ ಓಣಿಯ ದರ್ಜಿ ತನ್ನ ಜಿಮ್ನೋಕ್ಯಾಲಿಸಿಯಮ್ ಕುಂಡವನ್ನು ಎದೆಗವಚಿಕೊಂಡು ಬಂದ.

"ವರ್ಷ ತುಂಬ್ತು ತಂಗಿ, ಹೂವಿನ ಒಂದೆಸಳೂ ಬಾಡಿಲ್ಲ. ನನ್ನ ಹೆಂಡ್ತಿ ಹಾಸಿಗೇಲಿ ಮಲಗಿ ಇದನ್ನೇ ನೋಡ್ತಿರ್ತಾಳೆ. ನಿನ್ನ ಕೈಗುಣ ಅಂದ್ರೆ ಕೈಗುಣ. ಇಂಥದ್ದೇ ಇನ್ನೊಂದು ಕೊಡಮ್ಮ."

ನಿಜವಾದ ಹೂವಾಗಿದ್ದರೆ ಒಂದೆರಡು ವಾರದೊಳಗೆ ಮುದುಡಬೇಕಿತ್ತು. ಅತ್ತೆ ಎಸಳನ್ನು ಬೆರಳಿನಿಂದ ಸವರಿದಳು. ಕೆಳಗೆ ಗಟ್ಟಿಯಾದ ಅಂಟು. ಬೆಳೆಯಲು ದಾರಿ ಸಿಗದೆ ಸೊಟ್ಟಗಾದ ನೆತ್ತಿ. ಅವಳು ಸೊಸೆಯ ಕಡೆ ತಿರುಗಿದಳು.

"ಅದು ಹೇಗೆ ಬಾಡದೆ ಉಳೀತು ಅಂತ ನೀನೇ ಹೇಳಮ್ಮ ಇವರಿಗೆ."

ಭೂಮಿ ಬಾಯಿಬಿಡಬಾರದೇ ಎನಿಸಿತು ಸೊಸೆಗೆ. ನಾಲಗೆಯ ತುದಿಗೆ ಬಂದ ನಿಜವನ್ನು ದರ್ಜಿಯ ನಗುಮುಖ ಒಳಕ್ಕೆ ತಳ್ಳಿತು.

"ನಿಮ್ಮನೇಲಿ ಬಿಸಿಲು ಚೆನ್ನಾಗಿ ಬೀಳುತ್ತಲ್ಲ, ಅದಕ್ಕೆ ಅಣ್ಣ," ಎಂದಳು.

ಅವನು ಒಪ್ಪಿ ತಲೆಯಾಡಿಸಿ, ತನ್ನ ಮನೆಯ ಕಿಟಕಿಯನ್ನು ನಾಲ್ಕು ಮಾತು ಹೊಗಳಿ, ಅಂಟುಹೂವಿನ ಇನ್ನೊಂದು ಕುಂಡವನ್ನೂ ಎತ್ತಿಕೊಂಡು ಹೊರಟ.

ಅತ್ತೆ ಗದರಲಿಲ್ಲ, ಗದರಿದ್ದರೆ ಎಷ್ಟೋ ವಾಸಿಯಿತ್ತು. "ಬರಿಮೈಲಿರೋದಕ್ಕೇ ಅದಕ್ಕೆ ಆ ಹೆಸರು. ಅದಕ್ಕೂ ವೇಷ ಹಾಕಿದ್ಯಲ್ಲ," ಎಂದಷ್ಟೇ ಹೇಳಿ ಮುಂದಿನ ಗಿರಾಕಿಯನ್ನು ಮಾತಾಡಿಸಿದಳು. ಸೊಸೆ ಕುರ್ಚಿ ಬಿಟ್ಟೆದ್ದಳು.

ಈಗ ಗಲ್ಲಾದಲ್ಲಿ ಅತ್ತೆ ಕೂರುತ್ತಾಳೆ. ಸೊಸೆ ಹಿಂದಿನ ಶೆಡ್ಡಿನಲ್ಲಿ ಉಳಿದ ಗಿಡಗಳ ಅಂಟನ್ನು ಚಿಮಟದಿಂದ ಬಿಡಿಸುತ್ತಾಳೆ. ಹಲವು ಬದುಕಿವೆ, ನೆತ್ತಿಯ ಗಾಯ ಮಾತ್ರ ಮಾಯ್ದಿಲ್ಲ. ದರ್ಜಿಯ ದನಿ ಕೇಳಿದರೆ ಬಾಗಿಲ ಮರೆಗೆ ಸರಿಯುತ್ತಾಳೆ. ಅವನಿಗೆ ಇನ್ನೂ ಹೇಳಿಲ್ಲ.