ಕೋರ್ಟು ಏಳುವವರೆಗೆ

ಗೆಳೆಯರೇ, ಇಂದು ಚಿಕ್ಕಬಳ್ಳಾಪುರ ಕೋರ್ಟಿನಲ್ಲಿ ಒಂದು ಕೇಸು ಗೆದ್ದೆನೆಂದು ಬೀಗಿದ್ದೆ.

ದಾರಿಗೆ ಅಡ್ಡ ಕೂತು ಹೂ ಮಾರಿದರೆಂದು ರತ್ನಮ್ಮನ ಮೇಲೆ ಕೇಸು. ಬೆಳಿಗ್ಗೆ ವ್ಯಾಪಾರ ಬಿಟ್ಟು ಬುಟ್ಟಿ ಸಮೇತ ಬಂದಿದ್ದರು. ನಾನು ಅವರ ವಕೀಲೆ. "ದಂಡ ಕಟ್ಟುವ ಶಕ್ತಿ ಇಲ್ಲ, ದಯೆ ತೋರಬೇಕು" ಎಂದು ಬೇಡಿಕೊಂಡೆ. ನ್ಯಾಯಾಧೀಶರು ಕರಗಿದರು. ದಂಡದ ಬದಲು, ಕೋರ್ಟು ಏಳುವವರೆಗೆ, ಅಂದರೆ ದಿನದ ಕಲಾಪ ಮುಗಿಯುವವರೆಗೆ, ಅಲ್ಲೇ ಕೂತಿರುವ ಶಿಕ್ಷೆ.

ಸಂಜೆ ಹೊರಗೆ ಬಂದು ರತ್ನಮ್ಮ ಬುಟ್ಟಿಯ ಬಟ್ಟೆ ಸರಿಸಿದರು. ಮಲ್ಲಿಗೆಯೆಲ್ಲ ಬಾಡಿತ್ತು.

"ಅಯ್ಯೋ, ಆಗ್ಲೇ ಹೇಳ್ಬಾರ್ದಿತ್ತಾ?"

"ನೀವು ನನ್ನ ಕೇಳಿದ್ರಾ ಲಾಯರಮ್ಮ? ಯಾರ ಹತ್ರಾನಾದ್ರೂ ಈಸ್ಕೊಂಡು ದಂಡ ಕಟ್ಟಿ, ಮಧ್ಯಾಹ್ನದೊಳಗೆ ಹೂ ಮಾರ್ಕೊಂತಿದ್ದೆ."

ಫೀಸು ಬೇಡವೆಂದಿದ್ದೆ. ಆದರೂ ಆ ಬಾಡಿದ ಹೂವಿನಲ್ಲೇ ಒಂದು ಮೊಳ ನನ್ನ ಕೈಗಿಟ್ಟು ಹೋದರು. ಮುಡಿಯಲೂ ಆಗದು, ಎಸೆಯಲೂ ಆಗದು. ಕರಿಕೋಟಿನ ಜೇಬಿನಲ್ಲಿದೆ.