ಇಳಿಜಾರಿನ ಉಪಕಾರ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಅವರ ಮನೆಯ ಮುಂದಿನ ಇಳಿಜಾರನ್ನು. ಬಾಗಿಲಿನ ಕೆತ್ತನೆ, ಕಟ್ಟೆಯ ಮೇಲಿನ ಹಿರಿಯರು, ಒಳಗಿನಿಂದ ಬರುವ ಚಹಾದ ವಾಸನೆ ಇವೆಲ್ಲ ಆಮೇಲಿನ ಮಾತು. ನೆಲ ಯಾವ ಕಡೆಗೆ ತಗ್ಗಿದೆ, ಕಾರಿನ ಮೂತಿಯನ್ನು ಆ ಕಡೆಗೆ ತಿರುಗಿಸಿ ನಿಲ್ಲಿಸಲು ಜಾಗವಿದೆಯೇ ಎಂಬುದು ಗೊತ್ತಾಗುವವರೆಗೆ ನನಗೆ ಸಮಾಧಾನವಿಲ್ಲ. ತಮ್ಮನಿಗೆ ಹೆಣ್ಣು ನೋಡಲು ಹೋದಾಗಲೂ ಹೀಗೇ ಆಯಿತು. ಮರಳಿ ಬರುವಾಗ ಅವನು, "ಮನಿ ಹೆಂಗ ಅನಿಸ್ತೋ ಅಣ್ಣಾ?" ಎಂದು ಮೆಲ್ಲಗೆ ಕೇಳಿದ. "ಭಾಳ ಚಲೋ ಐತಿ. ಬಾಗಲದಿಂದ ರಸ್ತೆದ ತನಾ ಸೀದಾ ಇಳಕಲ" ಎಂದುಬಿಟ್ಟೆ. ಪುಣ್ಯಕ್ಕೆ ಹುಡುಗಿಯನ್ನು ಅವನೇ ಸರಿಯಾಗಿ ನೋಡಿಕೊಂಡಿದ್ದ.

ನಾನು ವಿಜಾಪುರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಆದರೆ ಊರ ಹೊರಗೆ ಹೋದರೆ ಇದು ಯಾರಿಗೂ ಗೊತ್ತಿಲ್ಲ. ನನ್ನ ಹೆಂಡತಿ ಸುಶೀಲಾ ಹೆರಿಗೆ ಮಾಡಿಸುವ ಡಾಕ್ಟರು. ಸಂತೆಯ ದಿನ ಬಬಲೇಶ್ವರದಲ್ಲಿ, ಇನ್ನೊಂದು ದಿನ ತಿಕೋಟಾದಲ್ಲಿ ಅವಳು ಬಸುರಿ ಬಾಣಂತಿಯರನ್ನು ನೋಡುತ್ತಾಳೆ, ಅವಳನ್ನು ಕರೆದೊಯ್ಯುವವನು ನಾನು. ಹೀಗಾಗಿ ಆ ಕಡೆಯವರಿಗೆಲ್ಲ ನಾನು ಡಾಕ್ಟರ್ ಬಾಯಾರ ಗಾಡಿ ಹೊಡೆಯುವ ಮನುಷ್ಯ. ಕಾಖಂಡಕಿಯ ಮುದುಕಿಯೊಬ್ಬಳು ನನ್ನ ಕೈಗೆ ಮಜ್ಜಿಗೆಯ ತಂಬಿಗೆ ಕೊಟ್ಟು, "ಬಾಯಾರು ನಿನಗ ಹೊತ್ತಿಗೆ ಸರಿಯಾಗಿ ಊಟಾ ಹಾಕತಾರಿಲ್ಲೋ ತಮ್ಮಾ?" ಎಂದು ಕೇಳಿದ್ದಳು. ಹಾಕುತ್ತಾರೆ ಎಂದೆ. ಸುಳ್ಳೇನಲ್ಲವಲ್ಲ.

ನಮ್ಮ ಕಾರು ಕಪ್ಪು ಬಣ್ಣದ ಹಳೆಯ ಗಾಡಿ. ನಿವೃತ್ತರಾಗಿ ಊರಿಗೆ ಹೊರಟಿದ್ದ ಮಾಮಲೇದಾರರೊಬ್ಬರಿಂದ ಕೊಂಡದ್ದು. ಅದರ ಮೈಕಟ್ಟು ಗಟ್ಟಿ, ಬ್ಯಾಟರಿ ಮಾತ್ರ ದುರ್ಬಲ. ಮುಂದೆ ಹ್ಯಾಂಡಲ್ ಹಾಕಿ ತಿರುವಿ ಎಂಜಿನ್ ಎಬ್ಬಿಸಬಹುದಿತ್ತು ನಿಜ. ಆದರೆ ಒಮ್ಮೆ ಆ ಹ್ಯಾಂಡಲ್ ಹಿಂದಕ್ಕೆ ಒದ್ದು ನನ್ನ ಮಣಿಕಟ್ಟು ಬಾತುಕೊಂಡಿತು. ಪಟ್ಟಿ ಕಟ್ಟುತ್ತ ಸುಶೀಲಾ, "ಇನ್ನ ಮ್ಯಾಲೆ ಅದನ್ನ ಮುಟ್ಟಬ್ಯಾಡ್ರಿ. ಹೆರಿಗಿ ಮಾಡಸೋದಷ್ಟ ನನ್ನ ಕೆಲಸ, ಕೈ ಕೂಡಸೋದಲ್ಲ" ಎಂದಳು. ಅಂದೇ ಹ್ಯಾಂಡಲ್ ಗುಜರಿ ಸೇರಿತು.

ಉಳಿದ ದಾರಿ ಒಂದೇ, ಬ್ಯಾಟರಿಯ ಮರ್ಜಿ ಕಾಯುವುದು. ಊರೊಳಗೆ ಆಸ್ಪತ್ರೆಗೂ ಮನೆಗೂ ಓಡಾಡಿದರೆ ಅದರ ಹೊಟ್ಟೆ ತುಂಬುವುದಿಲ್ಲ. ಗಾಡಿ ಎಬ್ಬಿಸಲು ಖರ್ಚಾದಷ್ಟು ಶಕ್ತಿ ಮರಳಿ ಸೇರುವಷ್ಟರಲ್ಲಿ ಮನೆ ಬಂದಿರುತ್ತದೆ. ತಿಕೋಟಾದ ಉದ್ದ ರಸ್ತೆಯಲ್ಲಿ ಓಡಿದರೇ ಅದಕ್ಕೆ ಸಂತೃಪ್ತಿ. ಅದಕ್ಕೆ ಹಾಕುವ ಶುದ್ಧ ನೀರು ಸುಶೀಲಾಳ ದವಾಖಾನೆಯಿಂದ ಬರುತ್ತದೆ, ತಂತಿ ಕೂಡುವ ಜಾಗದಲ್ಲಿ ಬೆಳ್ಳಗೆ ಬೂಷ್ಟು ಕಟ್ಟದಂತೆ ಸವರುವ ವ್ಯಾಸಲಿನ್ನೂ ಅಲ್ಲಿಯದೇ. ಬೇಸಿಗೆಯಲ್ಲಿ ಬೇವಿನ ನೆರಳು ಬೇಕು. ಇಳಿಯುವಾಗ ದೀಪ ಆರಿಸುವ ಗುಂಡಿ ಒತ್ತಿದೆಯೇ, ಕೀಲಿ ಕೈಗೆ ಬಂದಿದೆಯೇ ನೋಡಬೇಕು, ನಾಲ್ಕು ಹೆಜ್ಜೆ ಹೋಗಿ ತಿರುಗಿ ಮತ್ತೊಮ್ಮೆ ನೋಡಬೇಕು. ಇದನ್ನು ಕಂಡ ನನ್ನ ವಿದ್ಯಾರ್ಥಿಗಳು, ಸರ್‌ಗೆ ಕಾರಿನ ಮೇಲೆ ಭಾಳ ಪ್ರೀತಿ ಎಂದು ತಿಳಿದಿದ್ದಾರೆ. ಅದು ಪ್ರೀತಿಯಲ್ಲ, ಅಂಜಿಕೆ.

ಇಷ್ಟೆಲ್ಲ ಮಾಡಿದರೂ ಅದು ಕೈಕೊಟ್ಟರೆ ಇರಲಿ ಎಂದೇ ಇಳಿಜಾರು. ಬ್ರೇಕು ಸಡಿಲಿಸಿದರೆ ಗಾಡಿ ತಾನೇ ಉರುಳುತ್ತದೆ, ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಕೆಮ್ಮಿ ಎದ್ದು ಕೂಡುತ್ತದೆ. ಇದು ಬಡವರ ಉಪಾಯ ಎಂದು ನಗಬೇಡಿ. ತಿಕೋಟಾದ ದಾರಿಯಲ್ಲಿರುವ ತೊರವಿಯಿಂದ ಆದಿಲಶಾಹಿ ಬಾದಶಹರು ನೆಲದೊಳಗೆ ಸುರಂಗ ತೋಡಿಸಿ ವಿಜಾಪುರಕ್ಕೆ ನೀರು ತಂದರು. ಆ ನೀರನ್ನು ಯಾವ ಯಂತ್ರವೂ ನೂಕಲಿಲ್ಲ. ನೆಲದ ಇಳಿಜಾರೇ ಅದನ್ನು ಅರಮನೆಯ ಕಾರಂಜಿಯವರೆಗೆ ನಡೆಸಿತು. ತರಗತಿಯಲ್ಲಿ ಈ ಪಾಠ ಹೇಳುವಾಗ ನನ್ನ ದನಿ ತುಸು ಏರುತ್ತದೆ. ಬಾದಶಹರೂ ನಾನೂ ಒಂದೇ ಪಂಥದವರು ಎಂಬ ಜಂಬ.

ನಮ್ಮ ಮನೆ ಹಳೆಯ ಕೋಟೆಗೋಡೆಯ ಬಳಿ ಇದೆ. ಓಣಿ ದಾಟಿದರೆ ಕಂದಕದ ಕಡೆಗೆ ಇಳಿಯುವ ರಸ್ತೆ. ಅದರ ನೆತ್ತಿಯ ಮೇಲೆ ಬೇವಿನ ಮರದ ಕೆಳಗೆ ನಮ್ಮ ಕಾರಿನ ಕಾಯಂ ಜಾಗ. ವರ್ಷಕ್ಕೊಂದು ದಿನ ಮಾತ್ರ ಅದು ಮನೆಯ ಬಾಗಿಲಿಗೆ, ಸಪಾಟು ನೆಲಕ್ಕೆ ಬರುತ್ತದೆ, ನವರಾತ್ರಿಯ ಖಂಡೇಪೂಜೆಯ ದಿನ. ಕುಡುಗೋಲು, ಈಳಿಗೆಮಣಿ, ಸುಶೀಲಾಳ ಕತ್ತರಿ, ನನ್ನ ಪೆನ್ನು ಎಲ್ಲಕ್ಕೂ ಅಂದು ಪೂಜೆ. ಕಾರಿನ ಪೂಜೆ ಅವ್ವನದು.

ಕೆಲವು ವರ್ಷಗಳ ಹಿಂದೆ ಅಂಥ ಒಂದು ಮುಂಜಾನೆ ಅವ್ವ ಕಾರಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಆರತಿ ಎತ್ತಿಕೊಂಡು ನಿಂತಳು. ಅದರ ಮುಖವನ್ನೇ ದಿಟ್ಟಿಸಿ, "ಇದರ ದೀಪಾನೂ ಹಚ್ಚೋ. ಕಣ್ಣ ಮುಚ್ಚಿದ್ದಕ್ಕ ಎಂಥಾ ಪೂಜಿ?" ಎಂದಳು. ಹಚ್ಚಿದೆ. ಆರತಿ ಮುಗಿದ ಮೇಲೆ ಗುಂಡಿಗೆ ಕೈ ಹಾಕಿದರೆ ಅವ್ವ ಕೈ ಹಿಡಿದಳು. ನವರಾತ್ರಿಯ ಉದ್ದಕ್ಕೂ ದೇವರ ಮುಂದಿನ ನಂದಾದೀಪ ಆರದಂತೆ ಎಣ್ಣೆ ಹಾಕುತ್ತ ಅರೆನಿದ್ದೆ ಮಾಡಿದವಳು ಆಕೆ. "ಪೂಜಿಗೆ ಹಚ್ಚಿದ್ದು ಕೈಲೆ ಆರಸಬಾರದು. ತಾನ ಆರಲಿ" ಎಂದಳು. ಅವ್ವ ಒಳಗೆ ಹೋದ ಮೇಲೆ ಆರಿಸಿದರಾಯಿತು ಎಂದುಕೊಂಡೆ. ಆದರೆ ಹೋಳಿಗೆಯ ವಾಸನೆಗೆ ಮೊದಲು ಒಳಗೆ ಹೋದವನು ನಾನೇ. ಹಗಲು ಹೊತ್ತು, ಮೇಲೆ ಸುಡುವ ಬಿಸಿಲು. ಕಾರಿನ ದೀಪ ಉರಿಯುತ್ತಿದೆ ಎಂದು ಯಾರಿಗೆ ಕಂಡೀತು?

ಊಟ ಮಾಡಿ ಒರಗಿದ್ದೆವು. ತಿಕೋಟಾದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹುಸೇನಸಾಬ ಯಾವುದೋ ಲಾರಿ ಹಿಡಿದು ಬಂದು ಬಾಗಿಲಲ್ಲಿ ನಿಂತ. "ಬಾಯಾರ, ಮಗಳು ನಸಿಕಿನಿಂದ ಬ್ಯಾನಿ ತಿನ್ನಾಕತ್ತಾಳ್ರಿ. ಕೂಸು ಅಡ್ಡ ಐತಿ ಅಂತ ಸೂಲಗಿತ್ತಿ ಕೈ ಬಿಟ್ಟಾಳ" ಎಂದ. ಸುಶೀಲಾ ಚೀಲ ಎತ್ತಿಕೊಂಡು ಕಾರಿನಲ್ಲಿ ಕೂತಳು. ನಾನು ಕೀಲಿ ತಿರುವಿದೆ. ಕಾರು ಕಟ್ ಎಂದಿತು, ಮತ್ತೆ ಅದನ್ನೂ ಅನ್ನಲಿಲ್ಲ.

ಹಬ್ಬದ ದಿನ, ಬಸ್ಸು ಯಾವಾಗಲೋ. ಟಾಂಗಾ ಹಿಡಿದರೆ ತಿಕೋಟಾ ಮುಟ್ಟುವಷ್ಟರಲ್ಲಿ ಕತ್ತಲು. ಕಾರಿನ ಮೂತಿಯ ಮುಂದೆ ಅವ್ವ ಮುಂಜಾನೆಯೆಲ್ಲ ಕೂತು ಹಾಕಿದ ದೊಡ್ಡ ರಂಗೋಲಿ. ನಾನು ಅದನ್ನು ನೋಡಿ ಅನುಮಾನಿಸುತ್ತಿದ್ದೆ. ಏನಾಗಿದೆ ಎಂದು ಅವ್ವನಿಗೆ ಯಾರೂ ಹೇಳಬೇಕಾಗಲಿಲ್ಲ. ಒಳಗಿನಿಂದ ಬಂದವಳು ರಂಗೋಲಿಯನ್ನು ತುಳಿದೇ ದಾಟಿ, ಇಳಕಲ್ ಸೀರೆಯ ಸೆರಗು ಬಿಗಿದು ಹಿಂದಿನಿಂದ ಕಾರಿಗೆ ಕೈ ಹಚ್ಚಿದಳು. ಆ ವಯಸ್ಸಿನ ಹೆಂಗಸು ಕಾರು ನೂಕುವುದನ್ನು ಕಂಡ ಮೇಲೆ ಓಣಿಯಲ್ಲಿ ಯಾವ ಗಂಡಸು ಸುಮ್ಮನೆ ಕೂತಾನು? ಹೊಸ ಧೋತರ ಉಟ್ಟವರೆಲ್ಲ ಬಂದರು. ಕಂದಕದ ಇಳಿಜಾರಿನವರೆಗೆ ನೂಕಿದರು. ಅಲ್ಲಿಂದ ಮುಂದಿನದನ್ನು ಇಳಿಜಾರು ನೋಡಿಕೊಂಡಿತು.

ತಿಕೋಟಾದ ಆ ಓಣಿ ಅಂಗೈಯಷ್ಟು ಸಪಾಟು. ಸುಶೀಲಾ ಒಳಗೆ ಓಡಿದಳು. ಕಾರಿನ ಮೂತಿಯನ್ನು ವಿಜಾಪುರದ ಕಡೆಗೆ ತಿರುಗಿಸಿ, ಎಂಜಿನ್ ಆರಿಸದೆ ಹೊರಗೆ ಕೂತೆ. ಪೂರಾ ಬರಿದಾದ ಬ್ಯಾಟರಿಗೆ ಬಂದ ದಾರಿಯಷ್ಟೇ ಸಾಲದು, ಆರಿಸಿದರೆ ಮತ್ತೆ ಹತ್ತುವ ಭರವಸೆಯಿಲ್ಲ. ಆರಿಸದಿದ್ದರೆ ಮರಳುವವರೆಗೆ ಪೆಟ್ರೋಲು ಉಳಿಯುವ ಭರವಸೆಯೂ ಇಲ್ಲ. ಒಳಗೆ ಹುಡುಗಿಯ ನರಳಾಟ, ಹೊರಗೆ ನನ್ನ ಗಾಡಿಯ ಗುರುಗುರು. ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ ಮಲ್ಲಪ್ಪ ಎಂಬ ಹಿರಿಯ ಎದ್ದು ಬಂದ.

"ಬಂದ್ ಮಾಡ್ರಿ ಡ್ರೈವರ್ ಸಾಹೇಬ್ರ. ಇದರ ಸಪ್ಪಳಕ್ಕ ಕೂಸಿನ ಜೀವ ಗಾಬರಿ ಆಗ್ತೈತಿ."

"ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ರೀ" ಎಂದೆ.

"ಆಗಂಗಿಲ್ಲ ಅಂದ್ರ ನೂಕಾಕ ನಾವ ಅದೀವಲ್ರಿ."

ಅಷ್ಟೇ ಹೇಳಿ ಮತ್ತೆ ಕಟ್ಟೆಗೆ ಹೋದ. ನಾನು ಎಂಜಿನ್ ಆರಿಸಿದೆ. ಅದನ್ನು ಆರಿಸಿದಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ. ಆ ಮಧ್ಯಾಹ್ನವೆಲ್ಲ ಕಟ್ಟೆಯ ಮೇಲಿನವರು ಎದ್ದು ಹೋಗಲಿಲ್ಲ. ಹೊಲಕ್ಕೆ ಹೊರಟವರು ನಿಂತರು, ಹಬ್ಬದೂಟಕ್ಕೆ ಕರೆಯಲು ಬಂದವರು ತಾವೂ ಅಲ್ಲೇ ಕೂತರು.

ಹೊತ್ತು ಇಳಿಯುವ ಮುಂಚೆ ಕೂಸು ಅತ್ತಿತು. ಹೆಣ್ಣು ಕೂಸು. ನಾವೆಲ್ಲ ನಗಲು ಬಾಯಿ ತೆರೆದಿದ್ದೆವು, ಅಷ್ಟರಲ್ಲಿ ಸುಶೀಲಾ ಹೊರಗೆ ಬಂದಳು. ತಾಯಿಗೆ ರಕ್ತ ನಿಲ್ಲುತ್ತಿಲ್ಲ, ಈಗಲೇ ವಿಜಾಪುರದ ಆಸ್ಪತ್ರೆಗೆ ಒಯ್ಯಬೇಕು ಎಂದು ಹೇಳಿ ನನ್ನ ಕಡೆ ನೋಡಿ, "ಗಾಡಿ?" ಎಂದಳು. ನಾನು ಉತ್ತರಿಸುವ ಮೊದಲೇ ಕಟ್ಟೆ ಖಾಲಿಯಾಗಿತ್ತು. ಹುಡುಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಮಲ್ಲಪ್ಪ ಕಣ್ಣಿಗೆ ಜಾರುತ್ತಿದ್ದ ತನ್ನ ರುಮಾಲನ್ನು ಬಿಚ್ಚಿ ಕಿಟಕಿಯಿಂದ ಒಳಗೆ ಎಸೆದು ಹೆಗಲು ಕೊಟ್ಟ. ಎಂಥ ಇಳಿಜಾರಿನಲ್ಲೂ ನಮ್ಮ ಕಾರು ಅಷ್ಟು ವೇಗವಾಗಿ ಉರುಳಿದ್ದನ್ನು ನಾನು ಕಂಡಿಲ್ಲ. ಓಣಿ ಮುಗಿಯುವ ಮುಂಚೆಯೇ ಎಂಜಿನ್ ಎದ್ದಿತು. ಕನ್ನಡಿಯಲ್ಲಿ ನೋಡಿದರೆ ಧೂಳಿನೊಳಗೆ ಮೇಲೆತ್ತಿದ ಕೈಗಳಷ್ಟೇ ಕಂಡವು. ಆ ಕೈಗಳನ್ನು ನೆನೆದರೆ ಇಂದಿಗೂ ನನ್ನ ಕಣ್ಣು ತುಂಬುತ್ತದೆ.

ಹುಸೇನಸಾಬನ ಮಗಳೂ ಕೂಸೂ ಉಳಿದರು. ಮರುದಿನ ಬನ್ನಿಹಬ್ಬ. ಸಂಜೆ ಮಲ್ಲಪ್ಪ ತನ್ನ ರುಮಾಲು ಕೇಳಿಕೊಂಡು ಬಂದ, ಜೊತೆಗೆ ಹುಸೇನಸಾಬ. ಇಬ್ಬರೂ ನಮ್ಮ ಕೈಗೆ ಬನ್ನಿ ಎಲೆ ಕೊಟ್ಟು ಬಂಗಾರದಂತೆ ಇರೋಣ ಎಂದರು. ಹುಸೇನಸಾಬ ಬೇವಿನ ಮರದವರೆಗೆ ಹೋಗಿ ಕಾರಿನ ಮೂತಿಯ ಮೇಲೂ ನಾಲ್ಕು ಎಲೆ ಇಟ್ಟು ಬಂದ. ನಾನು ಉಪಕಾರ ಹೇಳಲು ಹೋದರೆ, ಅವರೇ ನನಗೆ ಉಪಕಾರ ಹೇಳುತ್ತಿದ್ದರು. ಯಾರು ಯಾರಿಗೆ ಹೇಳಬೇಕು ಎಂಬುದು ಇತ್ಯರ್ಥವಾಗದೆ ಎಲ್ಲರೂ ಚಹಾ ಕುಡಿದೆವು.

ಮರುವರ್ಷದ ಖಂಡೇಪೂಜೆಗೆ ಕಾರು ಬಾಗಿಲಿಗೆ ಬರಲಿಲ್ಲ, ಆರತಿಯ ತಟ್ಟೆ ಹಿಡಿದು ಅವ್ವನೇ ಬೇವಿನ ಮರದವರೆಗೆ ನಡೆದಳು. ದೀಪ ಹಚ್ಚಿಸಿದಳು, ಆರತಿ ಮಾಡಿದಳು. ಆಮೇಲೆ ನನ್ನನ್ನು ಸರಿಸಿ, ಬಗ್ಗಿ, ತನ್ನ ಕೈಯಿಂದಲೇ ಗುಂಡಿ ಒತ್ತಿ ದೀಪ ಆರಿಸಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಏನ ನೋಡತಿ? ಇಲ್ಲಿ ಆರಿಸಿದ್ರನ ಮತ್ತೊಬ್ಬರ ಮನ್ಯಾಗ ದೀಪ ಹತ್ತತೈತಿ" ಎಂದಳು. ಕಣ್ಣು ಮುಚ್ಚಿ ಕಾರಿಗೆ ಕೈಮುಗಿದು, ಮನೆಯ ಕಡೆಗೆ ನಾಲ್ಕು ಹೆಜ್ಜೆ ಹಾಕಿದವಳು ತಿರುಗಿ ಮತ್ತೊಮ್ಮೆ ದೀಪ ನೋಡಿದಳು.