ಸೋಮಪ್ಪ ಮಾಸ್ಟ್ರ ಕೊಡೆ

ಸೋಮಪ್ಪ ಮಾಸ್ಟ್ರು ಯಾರಿಗೂ ಹೊಡೆದವರಲ್ಲ. ಮಡಚಿದ ಕೊಡೆಯ ತುದಿಯನ್ನು ಒಬ್ಬರತ್ತ ಚಾಚಿ, ಉತ್ತರ ಬರುವವರೆಗೆ ಸುಮ್ಮನೆ ಕೂರುತ್ತಿದ್ದರು. ಆ ಮೌನಕ್ಕಿಂತ ನಾಲ್ಕು ಪೆಟ್ಟು ಬಿದ್ದಿದ್ದರೆ ವಾಸಿ ಎಂದು ನನಗೆ ಅನಿಸುತ್ತಿತ್ತು.

ಎಪ್ಪತ್ತೆಂಟನೇ ಇಸವಿಯಲ್ಲಿ ಕಾಪುವಿನ ಅವರ ಜಗಲಿಯಲ್ಲಿ ನಾವು ಐದಾರು ಮಂದಿ ಇಂಗ್ಲಿಷ್ ಕಲಿಯುತ್ತಿದ್ದೆವು. ಪುಸ್ತಕ ತೆರೆಯುವ ಪದ್ಧತಿ ಇರಲಿಲ್ಲ. ‘ಪಿಕ್ ಅಪ್’ ಅಂದರೆ ಕೊಡೆ ಎತ್ತಬೇಕು, ‘ಪುಟ್ ಡೌನ್’ ಅಂದರೆ ಇಡಬೇಕು. ‘ಲುಕ್ ಆಫ್ಟರ್’ ಅಂದಾಗ ನಾನು ಗಾಬರಿಯಲ್ಲಿ ಕೊಡೆಯ ಹಿಂದೆ ಹೋಗಿ ಇಣುಕಿದೆ.

“ಜೋಹರಾ, ಲುಕ್ ಒಬ್ಬನೇ ಬಂದರೆ ನೋಡುವವ. ಆಫ್ಟರನ್ನು ಕರಕೊಂಡು ಬಂದರೆ ಸಾಕುವವ. ಜೊತೆಗೆ ಯಾರು ಉಂಟು ಅಂತ ನೋಡದೆ ಅರ್ಥ ಹೇಳ್ಬಾರದು ಮಾರಾಯ್ತಿ.”

ಹಾಗೆಂದವರು ಮರುದಿನದವರೆಗೆ ಕೊಡೆಯನ್ನು ನನಗೇ ಒಪ್ಪಿಸಿದರು. ಕಳೆದುಹೋದರೆ ಎಂಬ ಭಯಕ್ಕೆ ಬಚ್ಚಲಿಗೆ ಹೋಗುವಾಗಲೂ ಅದನ್ನು ಕೈಬಿಡಲಿಲ್ಲ.

ಮಣಿಪಾಲದ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಇಂಟರ್‌ವ್ಯೂ ಬಂತು. ಇದು ಸಿಗದಿದ್ದರೆ ಇನ್ನು ಮದುವೆಯೇ ಎಂದು ಉಮ್ಮ ಕಡ್ಡಿ ಮುರಿದಂತೆ ಹೇಳಿದ್ದರು. ಹೆದರಿ ರಾತ್ರಿಯಿಡೀ ಉತ್ತರಗಳನ್ನು ಬಾಯಿಪಾಠ ಮಾಡಿದೆ. ಮಾಸ್ಟ್ರು ತಾವೇ ಜೊತೆಗೆ ಹೊರಟರು. ಉಡುಪಿ ದಾಟುವವರೆಗೂ ಬಸ್ಸಿನಲ್ಲಿ ಪ್ರಶ್ನೆ ಕೇಳಿದರು. ಮಣಿಪಾಲದ ಏರು ಹತ್ತುವಾಗ ಯಾಕೋ ಪ್ರಶ್ನೆ ಬಿಟ್ಟು ಕೊಡೆಯ ಹಿಡಿಯನ್ನೇ ತಿರುವತೊಡಗಿದರು.

ಕಚೇರಿಯ ಬೆಂಚಿನಲ್ಲಿ ಕೂತಿದ್ದಾಗ ಟೈ ಕಟ್ಟಿದ ಅಧಿಕಾರಿಯೊಬ್ಬರು ಬಂದು, ಯಾರನ್ನು ಕಾಣಬೇಕಿತ್ತು ಎಂದು ಮಾಸ್ಟ್ರನ್ನು ಇಂಗ್ಲಿಷಿನಲ್ಲಿ ಕೇಳಿದರು. ಮಾಸ್ಟ್ರು ಎದ್ದು ನಿಂತರು. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಕೊಡೆಯ ತುದಿ ನೆಲಕ್ಕೆ ಟಕಟಕ ಬಡಿಯುತ್ತಿತ್ತು. ಅವರಿಗೂ ಹೆದರಿಕೆ ಉಂಟೆಂದು ತಿಳಿದು ನನಗೆ ಇನ್ನಷ್ಟು ಹೆದರಿಕೆಯಾಯಿತು. ಅವರ ಮಾನ ಹೋಗಬಾರದೆಂದು ನಾನೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: ಇವರು ನನ್ನ ಮಾಸ್ಟ್ರು, ನನ್ನನ್ನು ನೋಡಿಕೊಳ್ಳಲು ಬಂದಿದ್ದಾರೆ. ‘ಲುಕ್ ಆಫ್ಟರ್’ ತಾನಾಗಿಯೇ ಬಾಯಿಗೆ ಬಂದಿತ್ತು. ಆಮೇಲೆ ಒಳಗೆ ಕರೆದಾಗ ನನ್ನ ನಾಲಗೆ ತಡವರಿಸಲಿಲ್ಲ. ಕೆಲಸ ಸಿಕ್ಕಿತು.

ಹಿಂತಿರುಗುವ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: “ನಾನು ಪುಸ್ತಕದಿಂದ ಕಲಿತವ. ಹೊರಗಿನವರ ಎದುರು ಇವತ್ತಿನವರೆಗೆ ಇಂಗ್ಲಿಷಿನಲ್ಲಿ ಬಾಯಿ ತೆರೆದದ್ದಿಲ್ಲ. ಜಗಲಿಯಲ್ಲಿ ಹೇಳ್ಬೇಡ, ಆಯ್ತಾ?”

ನಾನು ಯಾರಿಗೂ ಹೇಳಲಿಲ್ಲ.

ನಾನು ಆ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷವಾಯಿತು. ಕಳೆದ ಮಳೆಗಾಲದಲ್ಲಿ ಮಾಸ್ಟ್ರು ತೀರಿಕೊಂಡರು. ಅದಕ್ಕೆ ಒಂದು ವಾರ ಮೊದಲು ನೋಡಲು ಹೋಗಿದ್ದೆ. ಮಾತು ಕಷ್ಟವಾಗಿತ್ತು. ಗೋಡೆಗೆ ಒರಗಿಸಿಟ್ಟ ಕೊಡೆಯತ್ತ ಬೆರಳು ಚಾಚಿ, “ಲುಕ್ ಆಫ್ಟರ್,” ಎಂದರು.

ಅದೀಗ ಕಚೇರಿಯಲ್ಲಿ ನನ್ನ ಕುರ್ಚಿಗೆ ಒರಗಿದೆ. ಫೋನ್ ಬಡಿದುಕೊಂಡಾಗಲೆಲ್ಲ ಈಗಲೂ ಎದೆ ಧಸಕ್ಕೆನ್ನುತ್ತದೆ. ಒಂದು ಕೈಯಲ್ಲಿ ಕೊಡೆಯ ಹಿಡಿ ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದರಲ್ಲಿ ರಿಸೀವರ್ ಎತ್ತುತ್ತೇನೆ.